ವಿಯೋಜಿಸತಕ್ಕದ್ದು

ಪೆನ್ಕಾ ಅಜ್ಜಿ ಆ ವರ್ಷ ಕೆಂಪು ದಪ್ಪ ಮೆಣಸಿನಕಾಯಿಯನ್ನು ಬೇಕಾದ್ದಕ್ಕಿಂತ ಎರಡು ಚೀಲ ಹೆಚ್ಚಾಗಿಯೇ ಕೊಂಡಿದ್ದಳು. ಸಂತೆಯಲ್ಲಿ ಮಾರುವವನು ಅವಳ ತಲೆವಸ್ತ್ರ ಚೆನ್ನಾಗಿದೆ ಅಂದನಂತೆ. ಅಷ್ಟೇ ಸಾಕಾಯಿತು.

ಡ್ಯಾನ್ಯೂಬ್ ದಂಡೆಯ ರೂಸೆ ಊರಿನಲ್ಲಿ ಸೆಪ್ಟೆಂಬರ್ ಬಂತೆಂದರೆ ಬಾಲ್ಕನಿ ಬಾಲ್ಕನಿಯಲ್ಲೂ ಮೆಣಸಿನಕಾಯಿ ಸುಡುವ ಹೊಗೆ. ಸುಟ್ಟು, ಸಿಪ್ಪೆ ಸುಲಿದು, ಟೊಮೆಟೊ, ಬೆಳ್ಳುಳ್ಳಿ ಜೊತೆ ರುಬ್ಬಿ ಕುದಿಸಿದರೆ ಲ್ಯುತೆನಿತ್ಸಾ ಗೊಜ್ಜು. ಅದನ್ನು ಗಾಜಿನ ಜಾಡಿಗಳಿಗೆ ತುಂಬಿ ನೆಲಮಾಳಿಗೆಗೆ ಸಾಗಿಸಿಬಿಟ್ಟರೆ ಚಳಿಗಾಲಕ್ಕೆ ನಿಶ್ಚಿಂತೆ. ಪೆನ್ಕಾ ಅಜ್ಜಿ ಇರುವುದು ಐದನೇ ಮಹಡಿಯಲ್ಲಿ. ಜಾಡಿ ತುಂಬಿದ ಪೆಟ್ಟಿಗೆಗಳನ್ನೆಲ್ಲ ಲಿಫ್ಟಿನ ಬಾಗಿಲ ಬಳಿ ಗೋಡೆಯಂತೆ ಪೇರಿಸಿ, ಕೆಳಗೆ ಹೋಗುವ ಪುಣ್ಯಾತ್ಮ ಯಾರು ಸಿಗುತ್ತಾನೋ ಎಂದು ಕಾದು ನಿಂತಿದ್ದಳು.

ಸಿಕ್ಕಿದವನು ಏಳನೇ ಮಹಡಿಯ ಎವ್ತಿಮ್.

ಎವ್ತಿಮ್ ಅಂದು ಬಿಳಿ ಅಂಗಿ ತೊಟ್ಟಿದ್ದ. ಹೆಂಡತಿ ಬೆಳಗ್ಗೆ ಕೆಲಸಕ್ಕೆ ಹೊರಡುವ ಮೊದಲು ಅದನ್ನು ಹಪ್ಪಳದ ಹಾಗೆ ಗರಿಗರಿಯಾಗಿ ಇಸ್ತ್ರಿ ಮಾಡಿಟ್ಟಿದ್ದಳು. ಹನ್ನೊಂದು ಗಂಟೆಗೆ ಅವನು ಲಿಫ್ಟ್ ಕಾರ್ಖಾನೆಯ ಹೊಸ ನಿರ್ದೇಶಕಿಯನ್ನು ಕಾಣಬೇಕಿತ್ತು. ನಿರ್ದೇಶಕಿ ರಾಜಧಾನಿ ಸೋಫಿಯಾದಿಂದ ಬಂದು ಮೂರೇ ದಿನ. ಇನ್ನೂ ಯಾರ ಮುಖವನ್ನೂ ಅವಳು ಸರಿಯಾಗಿ ನೋಡಿರಲಿಲ್ಲ, ಅವಳ ಮುಖವನ್ನೂ ಯಾರೂ ನೋಡಿರಲಿಲ್ಲ. ಆದರೆ ಕೈಪಿಡಿ ವಿಭಾಗಕ್ಕೆ ಹೇಳಿಕಳಿಸಿದ್ದಳು: "ಎಂಟನೇ ಮಾದರಿ ಲಿಫ್ಟಿನ ಕೈಪಿಡಿ ಬರೆದವರು ಯಾರೋ, ಅವರು ನನ್ನನ್ನು ಬಂದು ಕಾಣಲಿ."

ಕೈಪಿಡಿ ವಿಭಾಗದಲ್ಲಿ ಇದ್ದವರು ಇಬ್ಬರೇ. ಎವ್ತಿಮ್ ಬರೆಯುತ್ತಿದ್ದ, ಸ್ಪಾಸ್ ಎಂಬ ಇನ್ನೊಬ್ಬ ಅಕ್ಷರ ತಪ್ಪು ನೋಡುತ್ತಿದ್ದ, ಮಧ್ಯೆ ಮಧ್ಯೆ ಕಿಟಕಿಯಾಚೆ ಡ್ಯಾನ್ಯೂಬ್ ನದಿಯನ್ನು ನೋಡುತ್ತಿದ್ದ. ಬರೆದವನ ಹೆಸರನ್ನು ಕೈಪಿಡಿಯ ಮೇಲೆ ಹಾಕುವ ಪದ್ಧತಿ ಕಾರ್ಖಾನೆಯಲ್ಲಿ ಇರಲಿಲ್ಲ. ಎವ್ತಿಮ್‌ಗೆ ಅದೊಂದು ಕೊರಗು. ಕಾರಣ, ತನ್ನ ಬರವಣಿಗೆಯ ಮೇಲೆ ಅವನಿಗೆ ಅಪಾರ ಅಭಿಮಾನ. ಓದಿದ ಕೂಡಲೇ ಅರ್ಥವಾಗಿಬಿಟ್ಟರೆ ಬರೆದವನ ಮರ್ಯಾದೆ ಏನಾಗಬೇಕು ಎನ್ನುವುದು ಅವನ ಸಿದ್ಧಾಂತ. 'ಸ್ವಿಚ್ ಆರಿಸಿ' ಎಂದು ಬರೆಯುವುದು ಅವನ ದೃಷ್ಟಿಯಲ್ಲಿ ಚಡ್ಡಿಯಲ್ಲಿ ಮದುವೆಗೆ ಹೋದಂತೆ. 'ವಿದ್ಯುತ್ ಪೂರೈಕೆಯನ್ನು ವಿಯೋಜಿಸತಕ್ಕದ್ದು' ಎಂದರೆ ಸೂಟು ಬೂಟು.

ಆದರೂ ಈ ಕರೆ ಬಂದಾಗಿನಿಂದ ಅವನು ಒಂದು ಸಾಲನ್ನೂ ಬರೆದಿರಲಿಲ್ಲ. ಈಗಿನ ದೊಡ್ಡವರಿಗೆ 'ಸರಳ ಭಾಷೆ' ಎಂಬ ಹುಚ್ಚು ಹಿಡಿದಿದೆ, ಕೆಲಸದಿಂದ ತೆಗೆಯುವುದಕ್ಕೇ ಕರೆದಿರಬೇಕು ಎಂದು ಸ್ಪಾಸ್ ಸಮಾಧಾನ ಹೇಳುವ ದನಿಯಲ್ಲೇ ಹೆದರಿಸಿದ್ದ.

ಲಿಫ್ಟ್ ಐದನೇ ಮಹಡಿಯಲ್ಲಿ ನಿಂತು ಬಾಗಿಲು ತೆರೆಯಿತು.

"ಮಗಾ, ಹೆಂಗೂ ಕೆಳಗೆ ಹೋಗ್ತಿದ್ದೀಯ. ಇದೊಂದಿಷ್ಟು ಇಟ್ಕೋ" ಎಂದಳು ಪೆನ್ಕಾ ಅಜ್ಜಿ.

"ಅಜ್ಜಿ, ಭಾರ ಜಾಸ್ತಿ ಆಗತ್ತೆ. ಈ ಲಿಫ್ಟಿಗೆ ಒಂದು ಮಿತಿ ಇದೆ."

"ನನ್ನ ಗಂಡ ಇದೇ ಲಿಫ್ಟಲ್ಲಿ ಒಂದು ಹಂದಿ ತಂದಿದ್ದ, ಇಡೀ ಹಂದಿ. ಏನೂ ಆಗ್ಲಿಲ್ಲ" ಎನ್ನುತ್ತ ಅಜ್ಜಿ ಪೆಟ್ಟಿಗೆಗಳನ್ನು ಒಳಗೆ ತಳ್ಳತೊಡಗಿದಳು. ಎವ್ತಿಮ್ ಮೂಲೆಗೆ ಸರಿದ, ಇನ್ನೂ ಸರಿದ, ಕೊನೆಗೆ ಕನ್ನಡಿಗೆ ಬೆನ್ನು ಅಂಟಿಸಿ, ಒಂದು ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತ. ಬಾಗಿಲು ಮುಚ್ಚಿತು. ಲಿಫ್ಟ್ ಮುಲುಗಿತು, ನಾಲ್ಕನೇ ಮಹಡಿ ದಾಟಿತು, ಮೂರನೆಯದಕ್ಕೆ ತಲುಪುವ ಮೊದಲು ಊಟ ಹೆಚ್ಚಾದವನಂತೆ ಒಮ್ಮೆ ಬಿಕ್ಕಳಿಸಿ ನಿಂತುಬಿಟ್ಟಿತು.

ಎವ್ತಿಮ್ ಎಲ್ಲ ಗುಂಡಿಗಳನ್ನೂ ಒತ್ತಿದ. ಏನೂ ಆಗಲಿಲ್ಲ. ಮೊಬೈಲ್ ತೆಗೆದು ತುರ್ತು ಸಹಾಯಕ್ಕೆ ಕರೆ ಮಾಡಿದ. ಇರುವ ಒಬ್ಬನೇ ರಿಪೇರಿಯವನು ಊರಾಚೆ ಇನ್ನೊಂದು ಲಿಫ್ಟ್ ಬಿಡಿಸುತ್ತಿದ್ದಾನೆ, ಮಧ್ಯಾಹ್ನ ಕಳೆದ ಮೇಲೆ ಬಂದಾನು ಎಂದರು. ಆಮೇಲೆ ಕಚೇರಿಗೆ ಫೋನ್ ಮಾಡಿದ. ಸ್ಪಾಸ್ ಎತ್ತಿಕೊಂಡ.

"ಸ್ಪಾಸ್, ನಮ್ಮ ಕಟ್ಟಡದ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ದೀನಿ. ಮೇಡಂಗೆ ಹೇಳು."

"ಯಾವ ಮಾದರಿ?"

"ಎಂಟನೇದು."

ಸ್ಪಾಸ್ ನಗು ತಡೆದುಕೊಳ್ಳುವುದು ಕೇಳಿಸಿತು. "ನಾಯಿ ಸಾಕಿದವನಿಗೇ ಕಚ್ಚಿತು ಅನ್ನು. ಹೇಳ್ತೀನಿ ಬಿಡು, ಕಟ್ಟಡದಲ್ಲಿ ಲಿಫ್ಟ್ ನಿಂತುಹೋಗಿದೆ ಅಂತ." ಅಷ್ಟರಲ್ಲಿ ಫೋನಿನ ಚಾರ್ಜು ಮುಗಿದು ಪರದೆ ಕಪ್ಪಾಯಿತು.

ಹೊರಗೆ ಆಗಲೇ ಜನ ಸೇರಿದ್ದರು. ಕಟ್ಟಡದ ಮೇಲ್ವಿಚಾರಣೆ ಮಿಂಕೊ ಮಾಮನದು. ಮೊದಲು ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದವನು. ನಿವೃತ್ತನಾದ ಮೇಲೆ ತುತ್ತೂರಿ ಇಲ್ಲದೆಯೂ ಅದೇ ದನಿ. ನಾಲ್ಕನೇ ಮಹಡಿಯ ಟ್ಯಾಕ್ಸಿ ವಲ್ಚೊ ರಜೆಯ ಮೇಲಿದ್ದ, ಬೇಸರದಲ್ಲಿದ್ದ. ಅವನ ಪಾಲಿಗೆ ಇದು ಹಬ್ಬ.

"ಎವ್ತಿಮ್, ಹೆದರ್ಬೇಡ" ಎಂದ ಮಿಂಕೊ ಮಾಮ. "ಮಾಡಿನ ಮೇಲೆ ಯಂತ್ರದ ಕೋಣೆ ಇದೆ. ಅದ್ರಲ್ಲಿ ಕೈಪಿಡಿ ಇದೆ. ಎಲ್ಲಾ ಬರ್ದಿರ್ತಾರೆ. ಓದ್ಕೊಂಡು ಮಾಡಿದ್ರೆ ಆಯ್ತು."

ಕೈಪಿಡಿ ಎಂಬ ಮಾತು ಕೇಳಿ ಎವ್ತಿಮ್‌ಗೆ ಆ ಇಕ್ಕಟ್ಟಿನಲ್ಲೂ ಒಂದು ಬಗೆಯ ಪುಳಕವಾಯಿತು. ಇಷ್ಟು ವರ್ಷದಲ್ಲಿ ತನ್ನ ಬರಹವನ್ನು ಯಾರಾದರೂ ಗಟ್ಟಿಯಾಗಿ ಓದುವುದನ್ನು ಅವನು ಕೇಳಿರಲಿಲ್ಲ. ಬರೆದವನು ನಾನೇ ಎಂದು ಹೇಳಲು ಬಾಯಿ ತೆರೆದವನು, ಓದಿ ಮುಗಿಸಲಿ, ಮೆಚ್ಚಿದ ಮೇಲೆ ಹೇಳೋಣ ಎಂದು ಸುಮ್ಮನಾದ. ಕಟ್ಟಡದವರಿಗೆಲ್ಲ ಅವನು ಲಿಫ್ಟ್ ಕಾರ್ಖಾನೆಯ ಎಂಜಿನಿಯರ್ ಎಂದೇ ಗೊತ್ತಿದ್ದದ್ದು.

ಏರ್ಪಾಟು ಹೀಗಾಯಿತು: ಮಿಂಕೊ ಮಾಮ ಮೇಲೆ ಯಂತ್ರದ ಕೋಣೆಯಲ್ಲಿ ನಿಂತು ಓದುವುದು, ವಲ್ಚೊ ಮೆಟ್ಟಿಲ ನಡುವೆ ನಿಂತು ಅದನ್ನು ಕೆಳಕ್ಕೆ ದಾಟಿಸುವುದು, ಪೆನ್ಕಾ ಅಜ್ಜಿ ಮೂರನೇ ಮಹಡಿಯ ಲಿಫ್ಟ್ ಬಾಗಿಲಿಗೆ ಬಾಯಿಟ್ಟು ಎವ್ತಿಮ್‌ಗೆ ಹೇಳುವುದು.

ಮೇಲಿನಿಂದ ತುತ್ತೂರಿ ದನಿ ಮೊಳಗಿತು. "ಸ್ಥಗಿತಾವಸ್ಥೆಗೆ ಒಳಪಡಲ್ಪಟ್ಟ ಕೋಷ್ಠಕದಿಂದ ವ್ಯಕ್ತಿಗಳ ವಿಮೋಚನಾ ಕಾರ್ಯಕ್ಕೆ ಪೂರ್ವಭಾವಿಯಾಗಿ ಪ್ರಧಾನ ವಿದ್ಯುತ್ ಪೂರೈಕೆಯನ್ನು ವಿಯೋಜಿಸತಕ್ಕದ್ದು."

ವಲ್ಚೊ ಕೇಳಿಸಿದ್ದನ್ನು ಬಾಯಲ್ಲೇ ಒಮ್ಮೆ ಹೊರಳಿಸಿದ. ಆಮೇಲೆ ಕೆಳಕ್ಕೆ ಕೂಗಿದ. "ಅಜ್ಜಿ, ಅದೇನೋ ಕೋಸಂತೆ, ವಿಮೋಚನೆ ಅಂತೆ, ಯೋಚಿಸತಕ್ಕದ್ದಂತೆ."

"ಮಗಾ, ಯೋಚಿಸ್ಬೇಕಂತೆ" ಎಂದಳು ಅಜ್ಜಿ ಬಾಗಿಲಿಗೆ.

"ಯೋಚಿಸೋದಲ್ಲ ಅಜ್ಜಿ, ವಿಯೋಜಿಸೋದು. ಅಂದ್ರೆ ಆರಿಸ್ಬೇಕು."

"ಆರಿಸ್ಬೇಕಂತೆ ವಲ್ಚೊ."

"ಮಾಮಾ, ಆರಿಸ್ಬೇಕಂತೆ."

"ಯಾವುದನ್ನ ಆರಿಸ್ಲಿ? ಇಲ್ಲಿ ಬೇಕಾದಷ್ಟಿವೆ" ಎಂದು ಮೇಲಿನಿಂದ ಬಂತು. ಕೊನೆಗೆ, ಒಂದನ್ನು ಆರಿಸಿಕೊಳ್ಳುವ ಜವಾಬ್ದಾರಿ ತನಗೇಕೆ ಎಂದು ಮಿಂಕೊ ಮಾಮ ಕಂಡ ಸ್ವಿಚ್ಚುಗಳನ್ನೆಲ್ಲ ಎಳೆದ. ಇಡೀ ಕಟ್ಟಡದ ವಿದ್ಯುತ್ ಹೋಯಿತು. ಲಿಫ್ಟಿನೊಳಗೆ ಅಮಾವಾಸ್ಯೆ. ಮಹಡಿ ಮಹಡಿಯ ಬಾಗಿಲುಗಳು ತೆರೆದುಕೊಂಡವು. ಒಬ್ಬರ ಬಟ್ಟೆ ಒಗೆಯುವ ಯಂತ್ರ ನಿಂತಿತ್ತು, ಒಬ್ಬರ ಅರ್ಧ ಕೂದಲು ಒಣಗಿತ್ತು, ಒಬ್ಬರ ಒಲೆಯಲ್ಲಿ ಬಾನಿತ್ಸಾ ಎಂಬ ಚೀಸಿನ ರೊಟ್ಟಿ ಅರೆಬೆಂದಿತ್ತು. ಎಲ್ಲರೂ ಮೆಟ್ಟಿಲಿಗೆ ಬಂದು ಯಾರು ಮಾಡಿದ್ದು ಎಂದು ಕೇಳಿದರು. ಪುಸ್ತಕ ಬರೆದವನು ಮಾಡಿದ್ದು ಎಂದ ವಲ್ಚೊ. ಅವರು ಒಳಗೆ ಹೋಗಲಿಲ್ಲ. ನೋಡಲು ಅಲ್ಲೇ ನಿಂತರು. ಮೆಟ್ಟಿಲ ಉದ್ದಕ್ಕೂ ಜನವಾಯಿತು.

"ಎರಡನೇದು ಓದ್ತೀನಿ" ಎಂದ ಮಿಂಕೊ ಮಾಮ, ಬೆಂಕಿಕಡ್ಡಿ ಗೀರಿ. "ವಿಮೋಚನೆಯ ಪರ್ಯಂತ ಕೋಷ್ಠಕಸ್ಥ ವ್ಯಕ್ತಿಯನ್ನು ಸಂಭಾಷಣಾ ಮಾಧ್ಯಮದ ಮೂಲಕ ಅನುದ್ವಿಗ್ನ ಸ್ಥಿತಿಯಲ್ಲಿ ಕಾಯ್ದಿರಿಸತಕ್ಕದ್ದು."

ಇದರಲ್ಲಿ ಸಂಭಾಷಣೆ ಎಂಬುದೊಂದು ಎಲ್ಲರಿಗೂ ತಿಳಿಯಿತು. ಆ ಕೆಲಸವನ್ನು ಪೆನ್ಕಾ ಅಜ್ಜಿ ವಹಿಸಿಕೊಂಡಳು. "ಮಗಾ, ಮಾತಾಡ್ತಾ ಇರ್ಬೇಕಂತೆ. ನನ್ನ ಮೈದುನ ಒಬ್ಬ ಇದ್ದ. ಬಾವಿ ಕೆಲಸ. ನಿನ್ನ ಥರಾನೇ ಒಳಗೆ ಸಿಕ್ಕಿಹಾಕ್ಕೊಂಡ. ಮೊದಲು ಕೂಗ್ತಾ ಇದ್ದ. ಆಮೇಲೆ ಕೂಗು ಸಣ್ಣ ಆಯ್ತು."

"ಅಜ್ಜಿ, ಬೇರೆ ಏನಾದ್ರೂ ಮಾತಾಡಿ."

"ಬೇರೆ ಅಂದ್ರೆ ನನ್ನ ತಂಗಿ ಗಂಡನ ವಿಷಯ ಇದೆ. ಅದು ಗ್ಯಾಸು."

ಎವ್ತಿಮ್ ಅಂಗಿಯ ಗುಂಡಿ ಬಿಚ್ಚಿಕೊಂಡ. ಹನ್ನೊಂದು ಗಂಟೆ ಹತ್ತಿರವಾಗುತ್ತಿರಬೇಕು, ನಿರ್ದೇಶಕಿ ಬಾಗಿಲತ್ತ ನೋಡುತ್ತಿರಬೇಕು ಎಂದುಕೊಂಡ.

ಮೇಲಿನಿಂದ ಮೂರನೆಯದು ಬಂತು. ಮಿಂಕೊ ಮಾಮ ಅದನ್ನು ಓದುವ ಮೊದಲು ಒಮ್ಮೆ ಉಸಿರು ತುಂಬಿಕೊಂಡ. ತುತ್ತೂರಿಯವನಿಗೆ ಆ ಅಭ್ಯಾಸ ಉಂಟು. "ಎಳೆತ ಘಟಕದ ನಿರೋಧಕದ ನಿರೋಧವು ನಿವಾರಿಸಲ್ಪಡದೆ ಇಲ್ಲದಿರುವುದನ್ನು ಖಚಿತಪಡಿಸಿಕೊಂಡ ತರುವಾಯವಷ್ಟೇ, ಸೂಚಿತ ದಿಕ್ಕಿಗೆ ಪ್ರತಿಕೂಲವಲ್ಲದ ರೀತಿಯಲ್ಲಿ ಹಸ್ತಚಕ್ರವನ್ನು ಪರಿಭ್ರಮಿಸತಕ್ಕದ್ದು."

ಮೆಟ್ಟಿಲ ಮೇಲಿದ್ದವರಲ್ಲಿ ನಾಯಿಯೊಂದು ಮಾತ್ರ ಬೊಗಳಿ ಉತ್ತರ ಕೊಟ್ಟಿತು.

"ಎಂಜಿನಿಯರ್ ಸಾಹೇಬ್ರೇ" ವಲ್ಚೊನ ದನಿ ಇಳಿದು ಬಂತು, "ನಿವಾರಿಸ್ಬೇಕಾ, ಬೇಡ್ವಾ?"

ಎವ್ತಿಮ್ ಕತ್ತಲೆಯಲ್ಲಿ ಕಣ್ಣು ಮುಚ್ಚಿ ಆ ವಾಕ್ಯವನ್ನು ಮನಸ್ಸಿನಲ್ಲಿ ಮೊದಲಿಂದ ಓದಿಕೊಂಡ. ಅದನ್ನು ಬರೆದ ದಿನ ಅವನಿಗೆ ನೆನಪಿತ್ತು. ಬರೆದು ಮುಗಿಸಿ ಎದ್ದು ಕೋಣೆಯಲ್ಲಿ ಎರಡು ಸುತ್ತು ನಡೆದಿದ್ದ, ಅಷ್ಟು ತೃಪ್ತಿಯಾಗಿತ್ತು. ಅರ್ಥ ಮಾತ್ರ ನೆನಪಿರಲಿಲ್ಲ. ನಿವಾರಿಸಲ್ಪಡದೆ ಇಲ್ಲದಿರುವುದು. ಪಡದೆ ಇಲ್ಲ ಅಂದರೆ ಪಟ್ಟಿದೆ. ಇಲ್ಲದಿರುವುದು ಅಂದರೆ ಪಟ್ಟಿಲ್ಲ. ಅವನು ಬೆರಳು ಮಡಿಸಿ ನೋಡಿದ. ಒಮ್ಮೆ ಹೌದು ಬಂತು, ಒಮ್ಮೆ ಅಲ್ಲ ಬಂತು.

"ಪರಿಭ್ರಮಿಸೋದು ಅಂದ್ರೆ ಪ್ರದಕ್ಷಿಣೆ ತಾನೆ?" ಎಂದು ಮಿಂಕೊ ಮಾಮ ಮೇಲೆ ಯಾರನ್ನೋ ಕೇಳುತ್ತಿದ್ದ. "ಈಸ್ಟರಲ್ಲಿ ಚರ್ಚು ಸುತ್ತಿದ ಹಾಗೆ. ಆದ್ರೆ ಇಲ್ಲಿ ಚಕ್ರದ ಸುತ್ತ ಜಾಗ ಇಲ್ಲ, ಒಂದು ಕಡೆ ಗೋಡೆ ಇದೆ."

"ತಡಿ ಮಾಮಾ, ನಾನೂ ಬಂದೆ" ಎಂದ ವಲ್ಚೊ. ಅವನು ಮೆಟ್ಟಿಲು ಹತ್ತುವ ಸದ್ದು ಕೇಳಿತು. ಮೇಲೆ ಇಬ್ಬರೂ ಸೇರಿ ಏನೋ ಒಂದನ್ನು ಎಳೆದರು, ಇನ್ನೊಂದನ್ನು ತಿರುಗಿಸಿದರು. ಲಿಫ್ಟ್ ಕೆಳಗೆ ಹೋಗುವ ಬದಲು ಬೆಚ್ಚಿಬಿದ್ದ ಕೋಳಿಯಂತೆ ಮೇಲಕ್ಕೆ ನೆಗೆದು, ಗಕ್ಕನೆ ನಿಂತಿತು. ಪೇರಿಸಿಟ್ಟ ಪೆಟ್ಟಿಗೆಗಳಲ್ಲಿ ಮೇಲಿನದು ಜಾರಿತು. ಜಾಡಿ ಒಡೆಯಿತು. ಎವ್ತಿಮ್‌ನ ಎದೆಯ ಮೇಲೆ ಏನೋ ಬೆಚ್ಚಗೆ ಹರಿಯಿತು, ಮತ್ತು ಲಿಫ್ಟಿನ ತುಂಬ ಬೆಳ್ಳುಳ್ಳಿಯ ವಾಸನೆ.

"ಅಜ್ಜಿ" ಎಂದ ಅವನು, "ಜಾಡಿ ಒಡೀತು."

"ಎಷ್ಟು?" ಎಂದಳು ಅಜ್ಜಿ. ಅವನು ಬದುಕಿದ್ದಾನೆಯೇ ಎಂದು ಕೇಳಲಿಲ್ಲ.

ವಲ್ಚೊ ಕೈಪಿಡಿ ಹಿಡಿದುಕೊಂಡೇ ಕೆಳಗಿಳಿದು ಬಂದ. ಮೆಟ್ಟಿಲ ಮೇಲಿದ್ದವರು ಅದನ್ನು ಕೈಯಿಂದ ಕೈಗೆ ದಾಟಿಸಿ ಒಂದೊಂದು ಸಾಲು ಓದಿ ನಕ್ಕರು.

"ಇದನ್ನ ಬರ್ದೋನಿಗೆ ಹೆಂಡತಿ ಇದ್ದಾಳಾ?" ಎಂದ ವಲ್ಚೊ. "ಇದ್ರೆ ಆಯಮ್ಮನ ಹತ್ರ ಉಪ್ಪು ಹೆಂಗೆ ಕೇಳ್ತಾನೆ? ಲವಣದ ಅಭಾವವು ನಿವಾರಿಸಲ್ಪಡತಕ್ಕದ್ದು ಅಂತಾನಾ?"

"ಅವನು ಕೈಗೆ ಸಿಕ್ಲಿ, ವರ್ಷ ಪೂರ್ತಿ ಈ ಮೆಟ್ಟಿಲು ಗುಡಿಸಿಸ್ತೀನಿ" ಎಂದ ಮಿಂಕೊ ಮಾಮ ಮೇಲಿನಿಂದ.

"ಅವನ ಬಾಯಿಗೆ ನನ್ನ ಜಾಡಿ ಬಡಿಯಾ" ಎಂದಳು ಅಜ್ಜಿ.

ಆಗ ಒಂದು ಹೊಸ ಹೆಣ್ಣು ದನಿ ಕೇಳಿಸಿತು, ಮೆತ್ತಗೆ, ಅವಸರವಿಲ್ಲದೆ. ಯಾರೋ ಕೆಳ ಮಹಡಿಯವರ ನೆಂಟರಿರಬೇಕು ಎಂದುಕೊಂಡ ಎವ್ತಿಮ್. "ಒಳಗಿರೋರು ಲಿಫ್ಟ್ ಕಾರ್ಖಾನೆಯವರು ಅಂತೀರಲ್ಲ. ಅವರಿಗೆ ಗೊತ್ತಿರಬೇಕು ಇದನ್ನ ಯಾರು ಬರೆದದ್ದು ಅಂತ."

"ಹೌದಲ್ವಾ" ಎಂದ ವಲ್ಚೊ. "ಎವ್ತಿಮ್, ಯಾರು ಮಾರಾಯ ಈ ಕತ್ತೆ?"

ಒಂದು ಕ್ಷಣ ಎವ್ತಿಮ್‌ನ ಆತ್ಮಸಾಕ್ಷಿ ತಲೆಯೆತ್ತಿತು. ಆದರೆ ಹೊರಗೆ ಒಂದು ಕಟ್ಟಡದಷ್ಟು ಜನ, ನಡುವೆ ಒಂದೇ ಬಾಗಿಲು. ನಾಳೆಯೂ ಇವರ ನಡುವೆಯೇ ಬದುಕಬೇಕು.

"ಸ್ಪಾಸ್ ಅಂತ ಒಬ್ಬ ಇದ್ದಾನೆ" ಎಂದ. "ನನ್ನ ಪಕ್ಕದ ಮೇಜು."

"ಆಳು ಹೆಂಗೆ?"

"ಏನು ಹೇಳ್ಲಿ? ಕತ್ತೇನೇ. ಸಣ್ಣ ಮಾತು ಬರಿಯಪ್ಪಾ ಅಂತ ನಾನು ಬಡ್ಕೊಂಡೆ. ಕೇಳ್ಬೇಕಲ್ಲ. ಓದೋನಿಗೆ ಅರ್ಥ ಆದ್ರೆ ತನ್ನ ಗೌರವ ಹೋಗತ್ತೆ ಅಂತಾನೆ." ಒಮ್ಮೆ ಶುರುವಾದ ಮೇಲೆ ಮಾತು ತಾನಾಗಿ ಬಂತು. ತನ್ನ ಬರವಣಿಗೆಯ ದೋಷಗಳನ್ನೆಲ್ಲ ಒಂದೂ ಬಿಡದೆ, ಎಷ್ಟೋ ವರ್ಷ ಅದನ್ನೇ ಅಧ್ಯಯನ ಮಾಡಿದವನಂತೆ ವಿವರಿಸಿದ. ಮೆಟ್ಟಿಲ ಮೇಲಿದ್ದವರು ಭೇಷ್ ಎಂದರು. ಅವನಿಗೂ ಹಗುರವಾಯಿತು.

ಆ ಹಗುರದಲ್ಲೇ ಅವನಿಗೊಂದು ವಿಷಯ ಹೊಳೆಯಿತು. ಕೈಪಿಡಿ ಬರೆಯುವ ಮೊದಲು ಅವನು ಒಮ್ಮೆ ಕಾರ್ಖಾನೆಯಲ್ಲಿ ಈ ಕೆಲಸವನ್ನು ಕಣ್ಣಾರೆ ನೋಡಿದ್ದ. ನೋಡಿದ್ದು ನೆನಪಿತ್ತು, ಬರೆದದ್ದಷ್ಟೇ ಅಡ್ಡ ನಿಂತಿತ್ತು.

"ವಲ್ಚೊ, ಪುಸ್ತಕ ಮುಚ್ಚು" ಎಂದ. "ಮೇಲೆ ಹೋಗಿ ಮಾಮನ ಪಕ್ಕ ನಿಂತ್ಕೋ. ನಾನು ಹೇಳಿದ್ದನ್ನ ಮಹಡಿಗೊಬ್ಬರು ಹಂಗೇ ಮೇಲಕ್ಕೆ ದಾಟಿಸಿ."

ಮಹಡಿಗೊಬ್ಬರಂತೆ ಜನ ನಿಂತರು.

"ಕೆಂಪು ಸ್ವಿಚ್ಚೊಂದು ಬಿಟ್ಟು ಮಿಕ್ಕಿದ್ದೆಲ್ಲ ಮೊದಲಿನ ಹಾಗೆ ಹಾಕಿ."

ಮಾತು ಬಾಯಿಂದ ಬಾಯಿಗೆ ಹತ್ತಿ ಹೋಯಿತು. ಮೊದಲ ಬಾರಿಗೆ ಅದು ದಾರಿಯಲ್ಲಿ ಕೆಡಲಿಲ್ಲ. ಕಟ್ಟಡಕ್ಕೆ ಬೆಳಕು ಬಂತು, ಎಲ್ಲೋ ಬಟ್ಟೆ ಒಗೆಯುವ ಯಂತ್ರ ಗುರ್ರೆಂದಿತು.

"ಚಕ್ರದ ಹಿಂದೆ ಒಂದು ಹಿಡಿ ಇದೆ. ಅದು ಬ್ರೇಕು. ವಲ್ಚೊ ಅದನ್ನ ಎಳ್ಕೊಂಡಿರ್ಲಿ. ಬಿಟ್ರೆ ಲಿಫ್ಟ್ ನಿಲ್ಲತ್ತೆ. ಮಾಮ ಚಕ್ರಾನ ಎಡಗಡೆಗೆ ತಿರುಗಿಸ್ಲಿ. ನಿಧಾನ. ಹಗ್ಗದ ಮೇಲೆ ಹಳದಿ ಗುರುತು ಬಂದ್ರೆ ಮಹಡಿ ಬಂತು ಅಂತ. ಕೂಡ್ಲೇ ನಿಲ್ಸಿ, ಹಿಡಿ ಬಿಡಿ."

ಲಿಫ್ಟ್ ತೊಟ್ಟಿಲಿನಂತೆ ಮೆಲ್ಲಗೆ ಇಳಿದು ಮೂರನೇ ಮಹಡಿಗೆ ಬಂತು. ನಿಂತಿತು. ಮಾಮನ ಗೊಂಚಲಿನ ಮೂರು ಮೂಲೆಯ ಕೀಲಿ ಮಹಡಿಯಿಂದ ಮಹಡಿಗೆ ಇಳಿದು ಅಜ್ಜಿಯ ಕೈ ಸೇರಿತು. "ಬಾಗಿಲ ಮೇಲೆ ಸಣ್ಣ ತೂತಿದೆ ಅಜ್ಜಿ. ಅದರಲ್ಲಿಟ್ಟು ತಿರುಗಿಸಿ" ಎಂದ. ಅಜ್ಜಿಗೆ ಎಟುಕಲಿಲ್ಲ, ಯಾರೋ ತಂದಿಟ್ಟ ಖಾಲಿ ಪೆಟ್ಟಿಗೆ ಹತ್ತಿ ನಿಂತು ತಿರುಗಿಸಿದಳು. ಬಾಗಿಲು ತೆರೆಯಿತು.

ಎದೆಯಿಂದ ಮೊಣಕಾಲಿನವರೆಗೆ ಕೆಂಪಾಗಿ ನಿಂತ ಎವ್ತಿಮ್‌ನನ್ನು ಕಂಡು ಮುಂದಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು. ಅಜ್ಜಿ ಬೆರಳಿಂದ ಅವನ ಅಂಗಿ ಮುಟ್ಟಿ ನೆಕ್ಕಿ ನೋಡಿ, "ಉಪ್ಪು ಸರಿಯಾಗಿದೆ" ಎಂದಳು. ಆಮೇಲೆ ಚಪ್ಪಾಳೆ ಬಿತ್ತು. ಎವ್ತಿಮ್‌ಗೆ ಜೀವನದಲ್ಲಿ ಮೊದಲ ಸಲ ತನ್ನ ಮಾತಿಗೆ ಚಪ್ಪಾಳೆ ಬಿದ್ದದ್ದು. ಕೆಲಸ ಹೋದರೆ ಹೋಗಲಿ, ಇನ್ನು ಮುಂದೆ ಹೀಗೆಯೇ ಬರೆಯುತ್ತೇನೆ ಎಂದು ಅವನು ಅಲ್ಲೇ ನಿಶ್ಚಯಿಸಿಕೊಂಡ. ಕಣ್ಣು ಕೂಡ ಸ್ವಲ್ಪ ಒದ್ದೆಯಾಯಿತು, ಬೆಳ್ಳುಳ್ಳಿಯೂ ಇತ್ತೆನ್ನಿ.

ಗುಂಪಿನಿಂದ ಬೂದು ಕೋಟಿನ ಹೆಂಗಸೊಬ್ಬಳು ಮುಂದೆ ಬಂದಳು. ಅದೇ ಮೆತ್ತನೆಯ ದನಿ. "ನಾನು ದ್ರಾಗೊಸ್ತಿನೊವಾ. ಕಾರ್ಖಾನೆಯ ನಿರ್ದೇಶಕಿ. ನಮ್ಮ ಲಿಫ್ಟ್ ನಿಂತಿದೆ ಅಂತ ಸುದ್ದಿ ಬಂತು, ರಿಪೇರಿಯವರು ಯಾರೂ ಇರಲಿಲ್ಲ, ನಾನೇ ನೋಡೋಣ ಅಂತ ಬಂದೆ. ಎಲ್ಲ ಕೇಳಿಸ್ಕೊಂಡೆ."

ಎವ್ತಿಮ್ ಗೊಜ್ಜಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಚಾಚಿದ. ಪ್ಯಾಂಟೂ ಗೊಜ್ಜೇ ಆಗಿತ್ತು. ಅವಳು ಕೈ ನೀಡಲಿಲ್ಲ.

"ನೀವು ತುಂಬ ಸ್ಪಷ್ಟವಾಗಿ ಮಾತಾಡ್ತೀರಿ" ಎಂದಳು.

"ಮೇಡಂ, ಇನ್ಮೇಲೆ ಎಲ್ಲ ಕೈಪಿಡೀನೂ ಹೀಗೇ..."

"ಅದೇ ನನಗೆ ಭಯ" ಎಂದಳು ನಿರ್ದೇಶಕಿ. "ಪರವಾನಗಿ ಇಲ್ಲದ ಒಬ್ಬ ತುತ್ತೂರಿಯವರು, ಒಬ್ಬ ಟ್ಯಾಕ್ಸಿಯವರು, ಪೆಟ್ಟಿಗೆ ಹತ್ತಿದ ಒಬ್ಬ ಅಜ್ಜಿ, ನಿಮ್ಮ ಮಾತು ಕೇಳಿ ನಮ್ಮ ಲಿಫ್ಟ್ ಬಿಚ್ಚಿದ್ರು. ಚಕ್ರಕ್ಕೆ ಯಾರದಾದ್ರೂ ಬೆರಳು ಸಿಕ್ಕಿದ್ರೆ ನ್ಯಾಯಾಲಯದ ಮೆಟ್ಟಿಲು ಹತ್ತೋಳು ನಾನು. ಹೋದ ಕಡೆಯಲ್ಲೆಲ್ಲ ಇದೇ ಕೇಸು ನೋಡಿ ಸಾಕಾಗಿದೆ. ಕೈಪಿಡಿಯಲ್ಲಿ ಹೇಳದೆ ಇದ್ರೆ ಹೇಳಿಲ್ಲ ಅಂತ ಕೇಸು. ಹೇಳಿದ್ರೆ ಹೇಳಿದ ಹಾಗೆ ಮಾಡಿ ಕೈ ಮುರ್ಕೊಂಡೆ ಅಂತ ಕೇಸು." ಅಷ್ಟರಲ್ಲಿ ಮಾಮನೊಂದಿಗೆ ಕೆಳಗಿಳಿದು ಬಂದಿದ್ದ ವಲ್ಚೊನ ಕಂಕುಳಿನಿಂದ ಅವಳು ಕೈಪಿಡಿಯನ್ನು ತೆಗೆದುಕೊಂಡು, ಧೂಳು ಕೊಡವಿ, ಮಗುವಿನ ತಲೆ ಸವರುವಂತೆ ಅದರ ಮೇಲೆ ಕೈಯಾಡಿಸಿದಳು. "ಇದರಲ್ಲಿ ಎಲ್ಲಾ ಹೇಳಿದೆ. ಆದ್ರೆ ಭೂಮಿ ಮೇಲಿರೋ ಯಾರೂ ಇದನ್ನ ಓದಿ ಏನೂ ಮಾಡೋಕಾಗಲ್ಲ. ನಮ್ಮ ವಕೀಲರು ಓದಿ ಆನಂದದಿಂದ ಅತ್ತುಬಿಟ್ರು. ಇದನ್ನ ಬರೆದವರನ್ನ ಹನ್ನೊಂದು ಗಂಟೆಗೆ ಕರೆಸಿದ್ದೇ ಅದಕ್ಕೆ. ಸೋಮವಾರದಿಂದ ಎಲ್ಲ ಕಾರ್ಖಾನೆಗಳ ಕೈಪಿಡಿಗೂ ಅವರೇ ಮುಖ್ಯಸ್ಥರು. ಸೋಫಿಯಾದಲ್ಲಿ ಮನೆ, ಕಾರು. ಸ್ಪಾಸ್ ಅಂದ್ರಿ ಅಲ್ವಾ ಹೆಸರು?"

ಎವ್ತಿಮ್‌ನ ಗೊಜ್ಜಿನ ಕೈ ಮೇಲೆದ್ದಿತು. "ಮೇಡಂ" ಎಂದ, "ಅದು ಬರೆದದ್ದು ನಾನು."

ಮೆಟ್ಟಿಲ ಮೇಲೆ ನಗು ಎದ್ದಿತು.

"ಕೇಳ್ಬೇಡಿ ಮೇಡಂ" ಎಂದ ವಲ್ಚೊ. "ಈಗ ತಾನೆ ಅವನೇ ಹಿಗ್ಗಾಮುಗ್ಗಾ ಬೈದ. ಇಷ್ಟು ಚೆಂದ ಮಾತಾಡೋನು ಇಂಥದ್ದು ಬರೀತಾನಾ? ಸಿಕ್ಕಾಪಟ್ಟೆ ಒಳ್ಳೆ ಮನಸ್ಸು. ಸ್ನೇಹಿತನಿಗೆ ತೊಂದ್ರೆ ಆಗತ್ತೆ ಅಂತ ತಪ್ಪು ತಾನು ಹೊತ್ಕೋತಿದ್ದಾನೆ."

"ಹಂಗಲ್ಲ ಮೇಡಂ, ನಿಜವಾಗ್ಲೂ ನಾನೇ."

ನಿರ್ದೇಶಕಿ ಪುಟ ತಿರುವಿದಳು. "ಸರಿ. ನಿವಾರಿಸಲ್ಪಡದೆ ಇಲ್ಲದಿರುವುದನ್ನು ಅಂತ ಇದೆ. ಅಂದ್ರೆ ಏನು?"

ಎವ್ತಿಮ್ ಬೆರಳು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಇಡೀ ಕಟ್ಟಡ ಕಾದಿತ್ತು.

"ಬಿಡಿ" ಎಂದಳು ಅವಳು ಕನಿಕರದಿಂದ. "ನಿಮಗೂ ಒಂದು ಜಾಗ ಇದೆ. ಸೋಮವಾರದಿಂದ ತುರ್ತು ಸಹಾಯದ ಫೋನಿಗೆ ಕೂತ್ಕೊಳ್ಳಿ, ರಾತ್ರಿ ಪಾಳಿ. ಲಿಫ್ಟಲ್ಲಿ ಸಿಕ್ಕಿದವರು ಫೋನ್ ಮಾಡ್ತಾರೆ. ರಿಪೇರಿಯವನು ಬರ್ತಾನೆ, ಏನನ್ನೂ ಮುಟ್ಬೇಡಿ ಅಂತ ಹೇಳಿ. ಅದಕ್ಕಿಂತ ಒಂದು ಮಾತೂ ಹೆಚ್ಚು ಬೇಡ."

ಆಮೇಲೆ ಎಲ್ಲರಿಗೂ ಕೇಳಿಸುವಂತೆ ಸ್ಪೀಕರ್ ಹಾಕಿ ಕಚೇರಿಗೆ ಫೋನ್ ಮಾಡಿದಳು. "ಸ್ಪಾಸ್ ಅವರಾ? ಎಂಟನೇ ಮಾದರಿಯ ಕೈಪಿಡಿ ಬರೆದದ್ದು ನೀವೇ ಅಂತ ಇಲ್ಲಿ ನಿಮ್ಮ ಸಹೋದ್ಯೋಗಿ ಹೇಳ್ತಿದ್ದಾರೆ. ಅದನ್ನ ಬರೆದವರಿಗೆ ಸೋಫಿಯಾದಲ್ಲಿ ದೊಡ್ಡ ಹುದ್ದೆ ಕೊಡೋಣ ಅಂತಿದ್ದೀನಿ. ನೀವೇ ತಾನೆ?"

ಫೋನಿನಾಚೆ, ನದಿಯ ಕಡೆಯಿಂದ ನೋಟ ಹೊರಳಿಸಲು ಒಬ್ಬ ಮನುಷ್ಯನಿಗೆ ಎಷ್ಟು ಬೇಕೋ ಅಷ್ಟು ಹೊತ್ತು ಕುರ್ಚಿ ಕಿರುಗುಟ್ಟಿತು.

"ಹೌದು ಮೇಡಂ" ಎಂದ ಸ್ಪಾಸ್. "ಆದ್ರೆ ನಾನೊಬ್ಬನೇ ಬರೆದೆ ಅಂದ್ರೆ ತಪ್ಪಾಗತ್ತೆ. ಅಕ್ಷರ ತಪ್ಪು ನೋಡಿಕೊಟ್ಟೋರು ನಮ್ಮ ಎವ್ತಿಮ್."

ಮೆಟ್ಟಿಲ ಮೇಲಿದ್ದವರೆಲ್ಲ ತಲೆದೂಗಿದರು. ಮಿಂಕೊ ಮಾಮ ಎವ್ತಿಮ್‌ನ ಹೆಗಲ ಮೇಲೆ ಕೈಯಿಟ್ಟು, "ನೋಡಿದ್ಯಾ, ಎಂಥಾ ದೊಡ್ಡ ಮನುಷ್ಯ" ಎಂದ. "ಅಂಥೋನನ್ನ ಕತ್ತೆ ಅಂದ್ಯಲ್ಲೋ."